ನಂಗಾಪರ್ವತದ ದುರಂತವೂ ಡಾರ್ಜಿಲಿಂಗಿನ ಶೋಕವೂ

ಹಿಮಾಲಯವೆಂದೊಡನೆ ನಮ್ಮ ಕಡೆಯ ಮಕ್ಕಳ ಮನಸ್ಸಿನಲ್ಲಿ ಮೂಡುವುವು ಎರಡು ಚಿತ್ರಗಳು. ಒಂದು, ಅಂಗಡಿಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನ ಕೈಲಾಸ; ಇನ್ನೊಂದು, ಪಾಂಡವರ ಮಹಾಪ್ರಸ್ಥಾನ. ದ್ರೌಪದಿಯಿಂದ ಮೊದಲುಗೊಂಡು ಒಬ್ಬೊಬ್ಬರಾಗಿ ಬಿದ್ದು, ಕೊನೆಗೆ ಧರ್ಮರಾಯನೊಡನೆ ಒಂದು ನಾಯಿ ಮಾತ್ರ ಉಳಿಯುವ ಆ ಕಥೆಯನ್ನು ಅಜ್ಜಿಯ ಬಾಯಿಂದಲೋ ತಾಳಮದ್ದಳೆಯಲ್ಲೋ ಕೇಳಿರುವ ಮಕ್ಕಳು ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಇಂದಿಗೂ ಇದ್ದಾರೆ. ಈ ಎರಡರ ಜೊತೆಗೆ ಮೂರನೆಯದೊಂದನ್ನು ಸೇರಿಸೋಣವೆಂದು ನಾವು ಒಮ್ಮೆ ನಾಲ್ಕನೆಯ ತರಗತಿಯಲ್ಲಿ ೧೯೩೪ನೆಯ ಇಸವಿಯ ನಂಗಾಪರ್ವತದ ದುರಂತವನ್ನು ಹೇಳಿದೆವು. ಹೊರಗೆ ಜಡಿಮಳೆ, ಹಂಚಿನ ಮೇಲಿನ ಸದ್ದಿಗೆ ಲೆಕ್ಕದ ಪಾಠ ನಡೆಯುವಂತಿರಲಿಲ್ಲ, ಕಥೆಗೆ ತಕ್ಕ ಹೊತ್ತು. ಮೂವರು ಜರ್ಮನರು ಬಿರುಗಾಳಿಗೆ ಸಿಕ್ಕಿ ಸತ್ತರು, ಅವರೊಡನೆ ಆರು ಮಂದಿ ಹೊರೆಯಾಳುಗಳೂ ಸತ್ತರು, ಆ ಆರರಲ್ಲೊಬ್ಬನು ಧರ್ಮರಾಯನ ನಾಯಿಯಂತೆ ಯಜಮಾನನನ್ನು ಬಿಟ್ಟು ಕದಲಲಿಲ್ಲ ಎಂದು ಮುಗಿಸಿದೆವು. ಆಗ ಹಿಂದಿನ ಬೆಂಚಿನಿಂದ ಮೀನುಗಾರರ ಮನೆಯ ಹುಡುಗನೊಬ್ಬನು ಎದ್ದು, "ಮಾಷ್ಟ್ರೇ, ಆ ಆರು ಮಂದಿಯ ಹೆಸರೇನು?" ಎಂದು ಕೇಳಿದನು.

ಮೂವರ ಹೆಸರು ನಮಗೆ ಬಾಯಿಪಾಠವಿತ್ತು. ಆರು ಮಂದಿಯ ಹೆಸರು ಗೊತ್ತಿರಲಿಲ್ಲ. "ನಾಳೆ ಹೇಳುವ" ಎಂದೆವು. ಆ ನಾಳೆ ಬರಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ನಾವು ಓದಿ ತಿಳಿದುದನ್ನು ಇಲ್ಲಿ ಉಪಾಧ್ಯಾಯ ಬಂಧುಗಳ ಮುಂದಿಡುತ್ತೇವೆ.

ನಂಗಾಪರ್ವತವು ಹಿಮಾಲಯ ಶ್ರೇಣಿಯ ಪಶ್ಚಿಮದ ಕೊನೆಯ ಮಹಾಶಿಖರ. ಸಿಂಧೂ ನದಿಯು ಅದರ ಬುಡವನ್ನು ಬಳಸಿಕೊಂಡು ದಕ್ಷಿಣಕ್ಕೆ ತಿರುಗುತ್ತದೆ. ಎತ್ತರ ೮,೧೨೬ ಮೀಟರ್, ಅಡಿಗಳಲ್ಲಿ ಹೇಳುವುದಾದರೆ ೨೬,೬೬೦. ಜಗತ್ತಿನ ಶಿಖರಗಳಲ್ಲಿ ಇದು ಒಂಬತ್ತನೆಯದು. ನೀಲಗಿರಿಯ ದೊಡ್ಡಬೆಟ್ಟಗಳು ಮೂರನ್ನು ಒಂದರ ಮೇಲೊಂದಿಟ್ಟರೂ ಇದರ ತುದಿಯನ್ನು ಮುಟ್ಟಲಾರವು. ಹೆಸರು ಮಾತ್ರ ನಮಗೆ ದೂರದ್ದಲ್ಲ. ಸಂಸ್ಕೃತದ ನಗ್ನಪರ್ವತವೇ ನಂಗಾಪರ್ವತವಾಗಿದೆ. ಅದರ ದಕ್ಷಿಣದ ಮೈ ಎಷ್ಟು ಕಡಿದಾಗಿರುವುದೆಂದರೆ ಬಿದ್ದ ಹಿಮವೂ ಅಲ್ಲಿ ನಿಲ್ಲದೆ ಬಂಡೆ ಬರಿದಾಗಿ ಕಾಣುವುದು. ೧೯೩೪ರಲ್ಲಿ ಆ ಸೀಮೆಯು ಕಾಶ್ಮೀರ ಸಂಸ್ಥಾನಕ್ಕೆ ಸೇರಿತ್ತು. ಇಂದು ಪಾಕಿಸ್ತಾನದ ಆಡಳಿತದಲ್ಲಿರುವ ಗಿಲ್ಗಿಟ್-ಬಾಲ್ಟಿಸ್ತಾನದಲ್ಲಿದೆ. ಅದನ್ನು ಏರಲು ಹೋಗಿ ೧೮೯೫ರಲ್ಲಿಯೇ ಮಮ್ಮರಿ ಎಂಬ ಹೆಸರಾಂತ ಆಂಗ್ಲನು ಇಬ್ಬರು ಗೂರ್ಖರೊಡನೆ ಕಣ್ಮರೆಯಾಗಿದ್ದನು. ಆ ಗೂರ್ಖರು ರಘುಬೀರ, ಗೋಮನ್ ಸಿಂಗ್. (ಹುಡುಗನ ಪ್ರಶ್ನೆಯ ತರುವಾಯ ಇಂಥ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.)

೧೯೩೪ರ ತಂಡವು ಜರ್ಮನಿಯದು. ನಾಯಕನು ವಿಲ್ಲಿ ಮೆರ್ಕ್ಲ್, ರೈಲ್ವೆಯಲ್ಲಿ ಎಂಜಿನಿಯರನಾಗಿದ್ದವನು. ಆ ದೇಶದ ರೈಲ್ವೆ ನೌಕರರು ತಮ್ಮ ಸಂಬಳದಲ್ಲಿ ಉಳಿಸಿದ ಹಣವೂ ಈ ಸಾಹಸಕ್ಕೆ ಸೇರಿತ್ತೆಂಬುದು ನೆನಪಿಡತಕ್ಕ ಸಂಗತಿ. ಜೊತೆಯವರಲ್ಲಿ ಮುಖ್ಯರು ಮ್ಯೂನಿಕ್ ನಗರದ ವಿಲ್ಲೊ ವೆಲ್ಜೆನ್‌ಬಾಕ್, ಊಲಿ ವೀಲಾಂಡ್, ಆಸ್ಟ್ರಿಯದವರಾದ ಪೀಟರ್ ಆಶೆನ್‌ಬ್ರೆನ್ನರ್ ಮತ್ತು ಎರ್ವಿನ್ ಶ್ನೈಡರ್. ಎತ್ತರದ ಹಿಮದಲ್ಲಿ ಹೊರೆ ಹೊರುವುದಕ್ಕಾಗಿ ಡಾರ್ಜಿಲಿಂಗಿನಿಂದ ಸುಮಾರು ೩೫ ಮಂದಿ ಶೆರ್ಪರೂ ಭೋಟಿಯರೂ ಬಂದಿದ್ದರು.

ಈ ಶೆರ್ಪರು ಯಾರು? ಅವರ ಮಾತಿನಲ್ಲಿ ಶೆರ್ಪ ಎಂದರೆ ಮೂಡಲವನು, ಪೂರ್ವದಿಂದ ಬಂದವನು. ಅವರ ಹಿರಿಯರು ಟಿಬೆಟ್ಟಿನಿಂದ ಕಣಿವೆ ದಾಟಿ ನೇಪಾಳದ ಸೋಲು-ಖುಂಬು ಸೀಮೆಯಲ್ಲಿ ನೆಲಸಿದರು. ಮಕ್ಕಳು ಮೊಮ್ಮಕ್ಕಳು ಕೂಲಿಗಾಗಿ ಅಲ್ಲಿಂದ ಡಾರ್ಜಿಲಿಂಗಿಗೆ ಬಂದರು. ಅಲ್ಲಿ ಅವರ ಕೇರಿಗೆ ತುಂಗ್ ಸುಂಗ್ ಬಸ್ತಿ ಎಂದು ಹೆಸರು. ತಾಯ್ನೆಲದಿಂದ ಹೊರಗೆ ನೆಲಸಿ, ಮನೆಯೊಳಗೆ ಒಂದು ಮಾತು, ಪೇಟೆಯಲ್ಲಿ ಇನ್ನೊಂದು ಮಾತು ಆಡುತ್ತ ಬಾಳುವುದು ಹೇಗೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ೧೯೨೮ರಲ್ಲಿ ಸ್ಥಾಪಿತವಾದ ಹಿಮಾಲಯನ್ ಕ್ಲಬ್ಬು ಇವರ ಹೆಸರುಗಳ ಪಟ್ಟಿಯೊಂದನ್ನು ಇಟ್ಟಿತ್ತು. ಪರದೇಶಗಳ ತಂಡಗಳು ಬಂದಾಗ ಆ ಕೇರಿಯ ಗಂಡಸರು ಬೆಟ್ಟಕ್ಕೆ ಹೋಗುವರು. ತಿಂಗಳುಗಟ್ಟಲೆ ಹೆಂಗಸರು ಕಾದಿರುವರು.

ಬಿರುಗಾಳಿಯ ಮೊದಲೇ ತಂಡದಲ್ಲಿ ಒಂದು ಸಾವು ಸಂಭವಿಸಿತು. ಜೂನ್ ೮ರಂದು ಆಲ್ಫ್ರೆಡ್ ಡ್ರೆಕ್ಸೆಲ್ ಎಂಬಾತನು ಎರಡನೆಯ ಬಿಡಾರದಲ್ಲಿ ಉಸಿರು ಕಟ್ಟಿ ಮಡಿದನು. ಆಗ ಅದನ್ನು ನ್ಯುಮೋನಿಯ ಎಂದರು. ಎತ್ತರದ ತೆಳುಗಾಳಿಯಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುವ ಕಾಯಿಲೆಯೊಂದುಂಟೆಂದೂ ಕೂಡಲೇ ಕೆಳಗಿಳಿಸುವುದೇ ಅದಕ್ಕೆ ಮೊದಲ ಮದ್ದೆಂದೂ ವೈದ್ಯಶಾಸ್ತ್ರವು ತಿಳಿದುದು ತರುವಾಯದ ದಶಕಗಳಲ್ಲಿ. ಎಲ್ಲರೂ ಕೆಳಗಿಳಿದರು, ಜೂನ್ ೧೧ರಂದು ಹೂಳಿದರು, ಶೋಕ ಆಚರಿಸಿದರು. ಹೊರೆಯಾಳುಗಳ ಆಹಾರವಾದ ಸಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು, ಬಂದು ಸೇರುವುದೂ ತಡವಾಯಿತು. ಹೀಗೆ ಸುಮಾರು ಎರಡು ವಾರಗಳು ಕಳೆದುಹೋದುವು. ಏರುವುದಕ್ಕೆ ಒಳ್ಳೆಯ ಹವೆಯಿದ್ದ ದಿನಗಳೆಲ್ಲ ಹೀಗೆಯೇ ಹೋದುವೆಂದು ಆಮೇಲೆ ಟೀಕಿಸಿದವರುಂಟು. ಜೊತೆಗಾರನ ಗೋರಿಯ ಮುಂದೆ ದಿನವನ್ನು ಎಣಿಸಬೇಕಾಗಿತ್ತೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಆದರೆ ಆ ದಿನಗಳ ಬೆಲೆಯನ್ನು ತೆತ್ತವರು ಮುಂದೆ ಇದ್ದರು.

ಜುಲೈ ೬ರಂದು ಐವರು ಐರೋಪ್ಯರೂ ಹನ್ನೊಂದು ಮಂದಿ ಶೆರ್ಪರೂ ಸುಮಾರು ೭,೪೮೦ ಮೀಟರ್ ಎತ್ತರದಲ್ಲಿ ಎಂಟನೆಯ ಬಿಡಾರವನ್ನು ಹೂಡಿದರು. ಆ ದಿನ ಆಶೆನ್‌ಬ್ರೆನ್ನರನೂ ಶ್ನೈಡರನೂ ಇನ್ನೂ ಮೇಲೆ, ಸುಮಾರು ೭,೭೦೦ ಮೀಟರಿನವರೆಗೆ ಹೋಗಿ ನೋಡಿ ಬಂದರು. ತುದಿಯು ಕಣ್ಣಳತೆಯಲ್ಲಿತ್ತು, ಮರುದಿನ ಮುಟ್ಟುವೆವೆಂದು ಎಲ್ಲರೂ ನಂಬಿದರು. ನಮ್ಮ ಮಟ್ಟಿಗೆ ದೊಡ್ಡ ತಪ್ಪು ಇಲ್ಲಿಯೇ ಇದೆ. ಹದಿನಾರು ಮಂದಿ ಒಂದೇ ಸಲಕ್ಕೆ ಮೇಲೆ ಬಂದಿದ್ದರು. ಅವರ ಹಿಂದೆ ಐದು, ಆರು, ಏಳನೆಯ ಬಿಡಾರಗಳಲ್ಲಿ ಆಳಿರಲಿಲ್ಲ, ಸಾಕಷ್ಟು ಆಹಾರವಿರಲಿಲ್ಲ. ಸುಮಾರು ೬,೨೦೦ ಮೀಟರಿನಲ್ಲಿದ್ದ ನಾಲ್ಕನೆಯ ಬಿಡಾರದವರೆಗೆ, ಕೈ ಹಿಡಿದು ಇಳಿಸುವವರು ಒಬ್ಬರೂ ಇರಲಿಲ್ಲ.

ಆ ರಾತ್ರಿಯೇ ಗಾಳಿ ಎದ್ದಿತು.

ನಮ್ಮಲ್ಲಿ ಅದು ಕಾರ್ತೆಲು ಕಳೆದು ಆಟಿ ಹೊಗುವ ಹೊತ್ತು. ಗಾಳಿಮಳೆ ಎಂದರೇನೆಂದು ಕರಾವಳಿಯ ಮಕ್ಕಳಿಗೆ ತಿಳಿದಿದೆ. ಹಿಮವೆಂದರೇನೆಂದು ಹೇಳುವುದೇ ಕಷ್ಟ. ಮೀನಿನ ಪೆಟ್ಟಿಗೆಯ ಮಂಜುಗಡ್ಡೆಯಲ್ಲಿ ಕೈಯಿಟ್ಟು ನೂರು ಎಣಿಸಿ ನೋಡಿ ಎಂದು ನಾವು ಹೇಳುವುದುಂಟು. ನಲುವತ್ತಕ್ಕೆ ಮೊದಲೇ ಕೈ ತೆಗೆಯುತ್ತಾರೆ. ಆ ಎತ್ತರದಲ್ಲಿ ಚಳಿಯೊಂದೇ ಶತ್ರುವಲ್ಲ. ಕಡಲ ದಡದಲ್ಲಿ ನಾವು ಒಂದು ಉಸಿರಿಗೆ ಪಡೆಯುವ ಪ್ರಾಣವಾಯುವಿನ ಐದರಲ್ಲಿ ಎರಡು ಪಾಲೂ ಅಲ್ಲಿ ಸಿಗುವುದು ಕಷ್ಟ. ಸುತ್ತಲೂ ಹಿಮವಿದ್ದರೂ ಕುಡಿಯಲು ನೀರಿಲ್ಲ. ಹಿಮವನ್ನು ಕರಗಿಸಲು ಒಲೆ ಉರಿಯಬೇಕು, ಬಿರುಗಾಳಿಯಲ್ಲಿ ಒಲೆ ಉರಿಯದು. ನೀರಿಲ್ಲದೆ ರಕ್ತ ಮಂದವಾಗುವುದು. ಬೆರಳುಗಳು ಮರಗಟ್ಟಿ ಸಾಯುವುವು. ಜುಲೈ ೭ರಂದು ಹಗಲೆಲ್ಲ ಗುಡಾರದೊಳಗೇ ಕಾದರು. ಗಾಳಿ ತಗ್ಗಲಿಲ್ಲ. ೮ರಂದು ಇಳಿಯತೊಡಗಿದರು.

ಮೊದಲು ಹೊರಟವರು ಆಶೆನ್‌ಬ್ರೆನ್ನರ್, ಶ್ನೈಡರ್ ಮತ್ತು ಮೂವರು ಶೆರ್ಪರು: ಪಸಾಂಗ್, ನಿಮಾ ದೋರ್ಜೆ, ಪಿಂಜೊ ನೋರ್ಬು. ದಾರಿಯಲ್ಲಿ ಆ ಇಬ್ಬರು ಹಗ್ಗ ಬಿಚ್ಚಿ, ಹಿಂದೆ ಬನ್ನಿರೆಂದು ಹೇಳಿ, ಮುಂದೆ ಹೋದರು; ಅದೇ ಸಂಜೆ ನಾಲ್ಕನೆಯ ಬಿಡಾರವನ್ನು ಸೇರಿದರು. ಶೆರ್ಪರು ಸೇರಲಿಲ್ಲ. ಹಿಂದಿನ ಗುಂಪಿನಲ್ಲಿ ಮೆರ್ಕ್ಲ್, ವೆಲ್ಜೆನ್‌ಬಾಕ್, ವೀಲಾಂಡ್ ಮತ್ತು ಎಂಟು ಮಂದಿ ಶೆರ್ಪರಿದ್ದರು. ಅವರಿಗೆ ಏಳನೆಯ ಬಿಡಾರವನ್ನೂ ಮುಟ್ಟಲಾಗಲಿಲ್ಲ. ಬಯಲಿನಲ್ಲೇ, ಹಿಮದ ಮೇಲೆ ರಾತ್ರಿ ಕಳೆದರು. ಅಲ್ಲಿ ನಿಮಾ ನೋರ್ಬು ಸತ್ತನು. ಮರುದಿನ ಏಳನೆಯ ಬಿಡಾರ ಇನ್ನು ಮೂವತ್ತು ಮೀಟರ್ ಇದೆ ಎನ್ನುವಾಗ ವೀಲಾಂಡ್ ಕುಳಿತಲ್ಲಿಯೇ ಸತ್ತನು.

ಏಳನೆಯ ಬಿಡಾರದ ಗುಡಾರ ಎಲ್ಲರಿಗೆ ಸಾಲದು. ಆದುದರಿಂದ ನಾಲ್ವರು ಶೆರ್ಪರನ್ನು ಕೆಳಗೆ ಕಳುಹಿಸಿದರು: ಕಿಟಾರ್, ಕಿಕುಲಿ, ದಾ ತುಂಡು, ನಿಮಾ ತಾಶಿ. ಇವರೂ ಒಂದು ರಾತ್ರಿಯನ್ನು ಹಿಮದಲ್ಲಿ ಕಳೆದು, ಮೊದಲ ಗುಂಪಿನಲ್ಲಿ ಹಿಂದುಳಿದಿದ್ದ ಮೂವರನ್ನು ದಾರಿಯಲ್ಲಿ ಕೂಡಿಕೊಂಡರು. ಏಳು ಮಂದಿ ಜುಲೈ ೧೦ರಂದು ರಾಖಿಯೋಟ್ ಶಿಖರದ ಕಡಿದಾದ ಮೈಯಲ್ಲಿ ಕಟ್ಟಿದ್ದ ಹಗ್ಗ ಹಿಡಿದು ಇಳಿದರು. ಹಗ್ಗದ ಮೇಲೆಯೇ ನಿಮಾ ದೋರ್ಜೆಯೂ ನಿಮಾ ತಾಶಿಯೂ ಪ್ರಾಣ ಬಿಟ್ಟರು. ಪಿಂಜೊ ನೋರ್ಬು ಐದನೆಯ ಬಿಡಾರದ ಗುಡಾರಕ್ಕೆ ಕೆಲವೇ ಹೆಜ್ಜೆಗಳಿರುವಾಗ ಬಿದ್ದನು. ಪಸಾಂಗ್, ಕಿಟಾರ್, ಕಿಕುಲಿ, ದಾ ತುಂಡು ಈ ನಾಲ್ವರು ಮರಗಟ್ಟಿದ ಕೈಕಾಲುಗಳೊಡನೆ ನಾಲ್ಕನೆಯ ಬಿಡಾರವನ್ನು ತಲಪಿದರು.

ಮೇಲೆ ಉಳಿದವರು ಐವರು. ಹಿಮದ ಬಯಲಿನಲ್ಲಿ ಕಾಯಿಲೆ ಬಿದ್ದ ದಾಕ್ಷಿ ಎಂಬಾತನ ಬಳಿಯಲ್ಲಿ ಅಂಗ್ ತ್ಸೆರಿಂಗನೂ ಗೇ-ಲೇಯೂ ನಿಂತಿದ್ದರು. ಏಳನೆಯ ಬಿಡಾರದಲ್ಲಿ ಮೆರ್ಕ್ಲನೂ ವೆಲ್ಜೆನ್‌ಬಾಕನೂ. ದಾಕ್ಷಿ ಸತ್ತ ಮೇಲೆ ಆ ಇಬ್ಬರು ಇಳಿದು ಬಂದು ಇವರನ್ನು ಕೂಡಿದರು. ೧೨ರ ರಾತ್ರಿ ಕಳೆಯುವುದರೊಳಗೆ ವೆಲ್ಜೆನ್‌ಬಾಕ್ ಸತ್ತನು. ೧೩ರಂದು ಮೆರ್ಕ್ಲ್ ಎರಡು ಹಿಮಗೊಡಲಿಗಳನ್ನು ಊರುಗೋಲಾಗಿ ಹಿಡಿದು, ಇಬ್ಬರು ಶೆರ್ಪರೊಡನೆ ಕೆಳಗಿನ ಏಣಿನವರೆಗೆ ಬಂದನು. ಅಲ್ಲಿಂದ ಮುಂದೆ ಅವನಿಗೆ ನಡೆಯಲಾಗಲಿಲ್ಲ. ಮೂವರೂ ಹಿಮವನ್ನು ತೋಡಿ ಗವಿ ಮಾಡಿಕೊಂಡು ಮಲಗಿದರು. ೧೪ರಂದು ಅಂಗ್ ತ್ಸೆರಿಂಗ್ ಒಬ್ಬನೇ ಹೊರಟು, ಐದನೆಯ ಬಿಡಾರವನ್ನೂ ದಾಟಿ, ಸಂಜೆಗೆ ನಾಲ್ಕನೆಯ ಬಿಡಾರದಲ್ಲಿ ಬಂದು ಬಿದ್ದನು. ಗೇ-ಲೇ ಮೆರ್ಕ್ಲನ ಬಳಿಯಲ್ಲಿ ಉಳಿದನು. ಗಾಳಿಯು ಮೇಲಿನಿಂದ ಕೂಗನ್ನು ಕೆಳಗೆ ತಂದಿತು. ಆಶೆನ್‌ಬ್ರೆನ್ನರ್, ಶ್ನೈಡರ್ ಮೊದಲಾದವರು ಮತ್ತೆ ಮತ್ತೆ ಮೇಲೆ ಹೋಗಲು ಹೆಣಗಿದರು. ಎದೆಮಟ್ಟದ ಹೊಸ ಹಿಮ ಬಿಡಲಿಲ್ಲ. ಕೆಲವು ದಿನಗಳ ತರುವಾಯ ಕೂಗು ನಿಂತಿತು.

ಇದಿಷ್ಟು ಕಥೆ. ಗೇ-ಲೇಯ ಬಗ್ಗೆ ನಾವು ತರಗತಿಯಲ್ಲಿ ಹೇಳಿದ ಮಾತಿಗೆ ಈಗ ಬರುತ್ತೇವೆ. ಮಹಾಪ್ರಸ್ಥಾನದ ನಾಯಿ ಸಾಕ್ಷಾತ್ ಯಮಧರ್ಮನೇ ಆಗಿದ್ದನೆಂದು ಹೇಳಿ ನಮ್ಮ ಹೋಲಿಕೆಯನ್ನು ಸಮರ್ಥಿಸಬಹುದಾಗಿತ್ತು. ಆದರೆ ಆಗ ನಮ್ಮ ಮನಸ್ಸಿನಲ್ಲಿದ್ದುದು ಯಮಧರ್ಮನಲ್ಲ, ನಾಯಿಯೇ. ಐರೋಪ್ಯರ ಅನೇಕ ಬರೆಹಗಳೂ ಗೇ-ಲೇಯನ್ನು ಸ್ವಾಮಿಭಕ್ತ ಸೇವಕನೆಂದು ಹೊಗಳಿದುವು. ಹೊಗಳಿಕೆ ಸುಳ್ಳೆಂದು ನಾವು ಹೇಳುವುದಿಲ್ಲ. ಆತನು ಅಂಗ್ ತ್ಸೆರಿಂಗನೊಡನೆ ಇಳಿದಿದ್ದರೆ ಬದುಕುತ್ತಿದ್ದನೋ ಏನೋ. ದಿನಗಟ್ಟಲೆ ಅನ್ನ ನೀರಿಲ್ಲದ ದೇಹಕ್ಕೆ ಹೋಗುವ ಶಕ್ತಿಯೇ ಉಳಿದಿರಲಿಲ್ಲವೋ ಏನೋ. ಆ ಗವಿಯಿಂದ ಬದುಕಿ ಬಂದವನು ಒಬ್ಬನೇ, ಮಾತು ಅವನದೊಂದೇ. ಆದರೆ ಒಂದು ಗಮನಿಸತಕ್ಕದ್ದಿದೆ: ಅದಕ್ಕೆ ಮುಂಚೆ ಇದೇ ಗೇ-ಲೇ ಎರಡು ರಾತ್ರಿ ದಾಕ್ಷಿಯ ಬಳಿಯಲ್ಲಿಯೂ ನಿಂತಿದ್ದನು. ದಾಕ್ಷಿ ಯಜಮಾನನಲ್ಲ, ತನ್ನಂತೆಯೇ ಹೊರೆಯಾಳು. ಸಾಯುವವನನ್ನು ಒಬ್ಬಂಟಿಯಾಗಿ ಬಿಡಬಾರದೆಂಬ ಬುದ್ಧಿಯೊಂದು ಆತನಲ್ಲಿತ್ತು. ಅದು ಸಂಬಳದಿಂದ ಬಂದುದಲ್ಲ, ಸಾಯುವವನ ಬಣ್ಣವನ್ನೂ ಕೇಳಲಿಲ್ಲ. ಇದನ್ನು ಸ್ವಾಮಿಭಕ್ತಿಯೆಂದು ಕರೆದುದು ನಮ್ಮ ಅವಸರ.

ಸುದ್ದಿ ಎರಡು ಊರುಗಳಿಗೆ ಮುಟ್ಟಿತು, ಎರಡು ಬಗೆಯ ಶೋಕ ನಡೆಯಿತು. ಜರ್ಮನಿಯಲ್ಲಿ ನಾಜಿಗಳ ಸರಕಾರ ಬಂದು ಒಂದೂವರೆ ವರ್ಷವಾಗಿತ್ತು. ಸತ್ತವರನ್ನು ದೇಶಕ್ಕಾಗಿ ಬಲಿಯಾದ ವೀರರೆಂದು ಸಾರಿದರು. ಪುಸ್ತಕ ಬಂತು, ಚಲನಚಿತ್ರ ಬಂತು. ನಂಗಾಪರ್ವತಕ್ಕೆ 'ಜರ್ಮನರ ವಿಧಿಪರ್ವತ' ಎಂಬ ಹೆಸರೇ ಬಿದ್ದಿತು. ಬದುಕಿ ಬಂದ ಆಶೆನ್‌ಬ್ರೆನ್ನರ್, ಶ್ನೈಡರರ ಮೇಲೆ ಜೊತೆಯವರನ್ನು ಹಿಂದೆ ಬಿಟ್ಟರೆಂಬ ಆಪಾದನೆ ಬಂದು ವಿಚಾರಣೆಯೂ ನಡೆಯಿತು. ಅಂಗ್ ತ್ಸೆರಿಂಗನಿಗೆ ಜರ್ಮನ್ ರೆಡ್ ಕ್ರಾಸಿನ ಗೌರವಪದಕ ದೊರೆಯಿತು. ತಂದೆಯನ್ನೋ ಮಗನನ್ನೋ ಕಳೆದುಕೊಂಡ ಮನೆಗಳ ಅಳು ನಿಜವಾದುದೇ; ಅದರ ಮೇಲೆ ಸರಕಾರವು ತನ್ನ ಡಂಗುರವನ್ನು ಬಾರಿಸಿತು.

ತುಂಗ್ ಸುಂಗ್ ಬಸ್ತಿಯಲ್ಲಿ ಡಂಗುರವಿರಲಿಲ್ಲ. ಹೆಣಗಳು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಕಡಲಿಗೆ ಹೋದವನು ಹಿಂತಿರುಗದ ಮನೆಯ ದುಃಖ ಎಂಥದೆಂದು ನಮ್ಮ ತೀರದ ಮಕ್ಕಳಿಗೆ ಗೊತ್ತು: ಸುಡುವುದಕ್ಕೆ ಇಲ್ಲ, ಹೂಳುವುದಕ್ಕೆ ಇಲ್ಲ, ಬಾಗಿಲ ಸದ್ದಾದರೆ ತಾಯಿ ತಿರುಗಿ ನೋಡುವಳು. ಬೌದ್ಧರಾದ ಶೆರ್ಪರ ನಂಬಿಕೆಯಂತೆ ಸತ್ತವನ ಜೀವವು ಹೊಸ ಜನ್ಮ ಪಡೆಯಲು ನಲುವತ್ತೊಂಬತ್ತು ದಿನಗಳವರೆಗೆ ಹಿಡಿಯಬಹುದು. ಅಷ್ಟು ದಿನ ಲಾಮರು ಗ್ರಂಥವನ್ನು ಓದಿ ಅದಕ್ಕೆ ದಾರಿ ತೋರುವರು. ಬೆಣ್ಣೆಯ ದೀಪಗಳನ್ನು ಹಚ್ಚುವರು. ಈ ಕರ್ಮಗಳಿಗೆ ಹಣ ಬೇಕು. ದುಡಿಯುವವನೇ ಹೋದ ಮನೆಗೆ ಅದು ಇನ್ನೊಂದು ಹೊರೆ. ಮುಂದೆ ೧೯೫೩ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗ್ ನೋರ್ಗೆ ಆಗ ಇಪ್ಪತ್ತರ ತರುಣ. ೧೯೫೫ರಲ್ಲಿ ಹೊರಬಂದ ತನ್ನ ಜೀವನಕಥೆಯಲ್ಲಿ ಆತನು ಆ ಕಾಲದ ಬಸ್ತಿಯನ್ನು ನೆನೆದಿದ್ದಾನೆ. ವಿಧವೆಯರ ಶೋಕದ ಜೊತೆಗೆ, ನಮ್ಮವರು ಅಂಥ ಕಷ್ಟವನ್ನು ತಾಳಿದರೆಂಬ ಒಳಗಿನ ಹೆಮ್ಮೆಯೂ ಆ ಕೇರಿಯಲ್ಲಿತ್ತೆಂದು ಅವನ ಮಾತಿನ ತಾತ್ಪರ್ಯ.

ಶೋಕವು ಆರುವ ಮೊದಲೇ ಮತ್ತೊಂದು ಪೆಟ್ಟು. ೧೯೩೭ರಲ್ಲಿ ಇನ್ನೊಂದು ಜರ್ಮನ್ ತಂಡ ಅದೇ ಬೆಟ್ಟಕ್ಕೆ ಬಂತು. ಜೂನ್ ೧೪ರ ರಾತ್ರಿ ನಾಲ್ಕನೆಯ ಬಿಡಾರದ ಮೇಲೆ ಹಿಮರಾಶಿ ಕುಸಿದು, ಏಳು ಮಂದಿ ಜರ್ಮನರೂ ಒಂಬತ್ತು ಮಂದಿ ಶೆರ್ಪರೂ ಮಲಗಿದಲ್ಲಿಯೇ ಅಡಗಿಹೋದರು. ಅಗೆಯಲು ಬಂದವರು ಜರ್ಮನರಲ್ಲಿ ಐವರ ದೇಹಗಳನ್ನು ತೆಗೆದು ಬೇರೆಡೆ ಹೂಳಿದರು; ಶೆರ್ಪರ ಮುಖ್ಯಸ್ಥನಾದ ನುರ್ಸಾಂಗನು ತನ್ನವರನ್ನು ಅಲುಗಿಸದೆ ಹಿಮದಲ್ಲಿಯೇ ಇರಗೊಡಿರೆಂದು ಬೇಡಿಕೊಂಡನು; ಹಾಗೆಯೇ ಮಾಡಿದರು. ಮೂರು ವರ್ಷಗಳಲ್ಲಿ ಒಂದೇ ಬೆಟ್ಟಕ್ಕೆ ಡಾರ್ಜಿಲಿಂಗ್ ಕೊಟ್ಟ ಜೀವಗಳು ಹದಿನೈದು.

೧೯೩೮ರಲ್ಲಿ ಪೌಲ್ ಬೌವರನ ತಂಡ ಮೇಲೆ ಹೋದಾಗ, ಮೆರ್ಕ್ಲ್ ಮತ್ತು ಗೇ-ಲೇಯ ದೇಹಗಳು ಒಟ್ಟಿಗೆ ಸಿಕ್ಕಿದುವು. ಮೆರ್ಕ್ಲನ ಜೇಬಿನಲ್ಲಿ ಒಂದು ಕಾಗದವಿತ್ತು. ೧೯೩೪ರ ಜುಲೈ ೧೦ರಂದು ಏಳನೆಯ ಬಿಡಾರದಿಂದ ವೆಲ್ಜೆನ್‌ಬಾಕ್ ಕೆಳಗಿನವರಿಗೆ ಬರೆದುದು: ವೀಲಾಂಡ್ ಹೋದ, ನಾವಿಬ್ಬರೂ ಕಾಯಿಲೆಯಲ್ಲಿದ್ದೇವೆ, ದಿನಗಳಿಂದ ಬಿಸಿ ಆಹಾರವಿಲ್ಲ, ಸಹಾಯ ಕಳುಹಿಸಿ ಎಂಬುದೇ ಅದರ ಸಾರ. ಕಾಗದವನ್ನು ಒಯ್ಯುವವರಿಲ್ಲದೆ ಅದು ನಾಲ್ಕು ವರ್ಷ ಅಲ್ಲಿಯೇ ಇತ್ತು. ಗೇ-ಲೇಯ ಬಳಿ ಕಾಗದವಿರಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ಯಾರೂ ಬರೆದಿಡಲಿಲ್ಲ. ಅವರಿಂದ ಕೇಳಿ ಬೇರೆಯವರು ಬರೆದುದರಿಂದ ನಮಗೆ ತಿಳಿಯಿತು. ನಮ್ಮ ಹುಡುಗನಿಗೆ ಹೆಸರು ಹೇಳಲು ಅಷ್ಟು ದಿನ ಹಿಡಿದುದು ಅದಕ್ಕೇ.

ಬದುಕಿ ಬಂದವರ ಮಾತನ್ನೂ ಸ್ವಲ್ಪ ಹೇಳಬೇಕು. ಕಿಕುಲಿ, ಎಂದರೆ ಪಸಾಂಗ್ ಕಿಕುಲಿ, ಐದು ವರ್ಷಗಳ ತರುವಾಯ ೧೯೩೯ರಲ್ಲಿ ಕೆ-೨ ಶಿಖರದಲ್ಲಿ, ಮೇಲೆ ಸಿಕ್ಕಿಬಿದ್ದ ಅಮೆರಿಕದವನೊಬ್ಬನನ್ನು ಇಳಿಸಿ ತರುವೆನೆಂದು ಇನ್ನಿಬ್ಬರು ಶೆರ್ಪರೊಡನೆ ಹೋದನು, ಯಾರೂ ಮರಳಲಿಲ್ಲ. ದಾ ತುಂಡು ೧೯೫೦ರ ಅನ್ನಪೂರ್ಣೆಗೂ ೧೯೫೩ರ ಎವರೆಸ್ಟಿಗೂ ಹೊರೆ ಹೊತ್ತನು. ಅದೇ ೧೯೫೩ರ ಜುಲೈ ೩ರಂದು ಹರ್ಮನ್ ಬೂಲ್ ಎಂಬಾತನು ಒಬ್ಬನೇ ನಂಗಾಪರ್ವತದ ತುದಿಯನ್ನು ಮುಟ್ಟಿದನು. ಆ ತಂಡವನ್ನು ಕೂಡಿಸಿದವನು ಮೆರ್ಕ್ಲನ ತಾಯಿಯ ಮಗನೇ ಆದ ತಮ್ಮ. ಅಂಗ್ ತ್ಸೆರಿಂಗ್ ಕಾಲ್ಬೆರಳುಗಳನ್ನು ಹಿಮಕ್ಕೆ ಕೊಟ್ಟು ಬಂದವನು, ಡಾರ್ಜಿಲಿಂಗಿನಲ್ಲಿ ತೊಂಬತ್ತು ದಾಟಿ ಬಾಳಿ ೨೦೦೨ರಲ್ಲಿ ತೀರಿಕೊಂಡನು.

ಕೊನೆಗೊಂದು ದಿನ ನಾವು ತರಗತಿಗೆ ಹೋಗಿ ಕರಿಹಲಗೆಯ ಮೇಲೆ ಬರೆದೆವು: ನಿಮಾ ನೋರ್ಬು, ನಿಮಾ ದೋರ್ಜೆ, ನಿಮಾ ತಾಶಿ, ಪಿಂಜೊ ನೋರ್ಬು, ದಾಕ್ಷಿ, ಗೇ-ಲೇ. ಮಕ್ಕಳು ನಗತೊಡಗಿದರು. ಮೂರು ನಿಮಾ ಏಕೆಂದು ಕೇಳಿದರು. ಶೆರ್ಪರಲ್ಲಿ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುವ ವಾಡಿಕೆಯುಂಟು, ನಿಮಾ ಎಂದರೆ ಆದಿತ್ಯವಾರ, ದವಾ ಎಂದರೆ ಸೋಮವಾರ, ಪಸಾಂಗ್ ಎಂದರೆ ಶುಕ್ರವಾರ ಎಂದು ಹೇಳಿದೆವು. ನಮ್ಮ ತುಳುವರ ಮನೆಗಳಲ್ಲಿ ಹಿಂದೆ ಇಡುತ್ತಿದ್ದ ಐತ, ಚೋಮ, ಅಂಗಾರ, ತುಕ್ರ, ತನಿಯ ಎಂಬ ಹೆಸರುಗಳು ಕೂಡ ಹಾಗೆಯೇ ಬಂದುವೆಂದೆವು. ನಗು ನಿಂತಿತು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಮಾಷ್ಟ್ರೇ, ನಮ್ಮ ಐತ ಅಜ್ಜನೂ ಒಬ್ಬ ನಿಮಾ" ಎಂದಳು.